ಆ ಕಾಲುವೆಗೆ ನೀರು ಎಲ್ಲಿಂದ?

ಗೆಳೆಯರ ಜೊತೆ ಫ್ರಾನ್ಸಿಗೆ ಹೋಗುತ್ತಿದ್ದೇನೆ, ಒಂದು ವಾರ ದೋಣಿಯಲ್ಲೇ ವಾಸ, ಕಾಲುವೆಯ ಮೇಲೆ ಪ್ರಯಾಣ ಅಂತ ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಟಿಕೆಟ್ ಎಷ್ಟು, ಅಲ್ಲಿ ಚಳಿ ಇದೆಯಾ, ಊಟಕ್ಕೆ ಏನು ಮಾಡ್ತೀರ, ಇದ್ಯಾವುದನ್ನೂ ಅವರು ಕೇಳಲಿಲ್ಲ. "ಆ ಕಾಲುವೆಗೆ ನೀರು ಎಲ್ಲಿಂದ?" ಅಂದರು.

ನನಗೆ ಗೊತ್ತಿರಲಿಲ್ಲ. ನೋಡಿ ಹೇಳ್ತೀನಿ ಅಂದೆ.

ನಮ್ಮ ಊರು ಶ್ರೀರಂಗಪಟ್ಟಣದ ಹತ್ತಿರ. ಮನೆಯ ಹಿಂದೆ ಎರಡು ಗದ್ದೆ ದಾಟಿದರೆ ಚಿಕ್ಕದೇವರಾಜ ಸಾಗರ ನಾಲೆ. ನಾಲೆ ಪಕ್ಕ ಬೆಳೆದವರಿಗೆ ನೀರು ಅಂದರೆ ನೋಟ ಅಲ್ಲ, ಸರದಿ. ಯಾವಾಗ ಬಿಡುತ್ತಾರೆ, ಎಷ್ಟು ದಿನ ಇರುತ್ತೆ, ಮೇಲಿನವರು ಕಟ್ಟಿಕೊಂಡರೆ ಕೆಳಗಿನವರಿಗೆ ಏನು ಉಳಿಯುತ್ತೆ, ಮನೆಯಲ್ಲಿ ಮಾತು ಯಾವಾಗಲೂ ಇದೇ. ನಾನು ಚಿಕ್ಕವಳಿದ್ದಾಗ ನಮ್ಮೂರ ನೀರುಗಂಟಿ ರಾತ್ರಿ ಹೊತ್ತು ಗುದ್ದಲಿ ಹೆಗಲಿಗೆ ಹಾಕಿಕೊಂಡು, ಕೈಯಲ್ಲಿ ಲಾಟೀನು ಹಿಡಿದು ಏರಿ ಮೇಲೆ ಹೋಗುತ್ತಿದ್ದದ್ದು ಕಿಟಕಿಯಿಂದ ಕಾಣುತ್ತಿತ್ತು. ಸುಗ್ಗಿಯಲ್ಲಿ ಅವರ ಪಾಲಿನ ಭತ್ತವನ್ನು ಕಣದಲ್ಲೇ ಬೇರೆ ತೆಗೆದಿಡುತ್ತಿದ್ದರು. ಆ ಪಾಲು ಕೊಡದೆ ರಾಶಿ ಮನೆಗೆ ಬರುತ್ತಿರಲಿಲ್ಲ.

ಅಂಥ ಊರಿನಿಂದ ಹೋದ ನನಗೆ ಕಾಲುವೆಯ ಮೇಲೆ ರಜೆ ಕಳೆಯುವುದು ಅನ್ನೋದೇ ಹೊಸ ಮಾತು. ಯೋಚನೆ ಟುಲೂಸ್‌ನಲ್ಲಿರುವ ಗೆಳತಿಯದು. ಬೆಂಗಳೂರಿನಲ್ಲಿ ವಿಮಾನದ ಕೆಲಸ ಕಲಿತು ಅದೇ ಕೆಲಸಕ್ಕೆ ಅಲ್ಲಿ ಹೋಗಿ ನೆಲೆಸಿದವಳು. ನಾವು ಐದು ಜನ ಮೈಸೂರಿನಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ಒಬ್ಬ ಈಗ ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ಒಬ್ಬಳು ಡಾಕ್ಟರ್. ಇನ್ನೊಬ್ಬ ಹಾಸನದಲ್ಲಿ ಅಂಗಡಿ ಇಟ್ಟಿದ್ದಾನೆ. ವರ್ಷಕ್ಕೊಮ್ಮೆ ಸಿಗೋಣ ಅನ್ನುತ್ತಲೇ ಹತ್ತು ವರ್ಷ ಕಳೆದಿದ್ದವು. "ಕಾರಿನಲ್ಲಿ ಊರೂರು ಸುತ್ತೋದು ಬೇಡ. ದೋಣಿ ಹಿಡಿಯೋಣ. ಎಲ್ಲಿಗೂ ಬೇಗ ಹೋಗೋಕಾಗಲ್ಲ, ಅದೇ ಚೆಂದ" ಅಂದಳು. ಸೆಪ್ಟೆಂಬರ್‌ನಲ್ಲಿ ಹೊರಟೆವು.

ಆ ಕಾಲುವೆಯ ಹೆಸರು ಕನಾಲ್ ದ್ಯು ಮಿದಿ. ಫ್ರಾನ್ಸಿನ ದಕ್ಷಿಣದಲ್ಲಿ, ಟುಲೂಸ್‌ನಿಂದ ಮೆಡಿಟರೇನಿಯನ್ ಕಡಲ ಅಂಚಿನ ಒಂದು ಹಿನ್ನೀರಿನವರೆಗೆ ಸುಮಾರು 240 ಕಿಲೋಮೀಟರ್. ಟುಲೂಸ್‌ನಿಂದ ಆಚೆ ಗರೋನ್ ನದಿ ಅಟ್ಲಾಂಟಿಕ್ ಕಡೆ ಹೋಗುತ್ತದೆ. ಅಂದರೆ ಎರಡು ಕಡಲುಗಳನ್ನು ಸೇರಿಸುವ ದಾರಿ. ಇಲ್ಲದಿದ್ದರೆ ಹಡಗುಗಳು ಸ್ಪೇನ್ ಸುತ್ತಿಕೊಂಡು ಜಿಬ್ರಾಲ್ಟರ್ ದಾಟಿ ಬರಬೇಕಿತ್ತು. 1666ರಲ್ಲಿ 14ನೇ ಲೂಯಿ ಇದಕ್ಕೆ ಅಪ್ಪಣೆ ಕೊಟ್ಟ. 1681ರಲ್ಲಿ ನೀರು ತುಂಬಿ ದೋಣಿ ಹರಿಯಿತು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳಿದ್ದು 1673ರಿಂದ 1704. ನಮ್ಮ ಮನೆ ಹಿಂದಿನ ನಾಲೆಗೆ ಯಾರ ಹೆಸರಿದೆಯೋ ಆ ದೊರೆಯ ಕಾಲವೂ ಈ ಕಾಲುವೆಯ ಕಾಲವೂ ಒಂದೇ. ಇದು ಗೊತ್ತಾದ ಮೇಲೆ ಆ ಊರುಗಳು ನನಗೆ ಅಷ್ಟೊಂದು ಪರಕೀಯ ಅನ್ನಿಸಲಿಲ್ಲ.

ದೋಣಿ ಹತ್ತುವ ಹಿಂದಿನ ದಿನ ಗೆಳತಿಯ ಕಾರಿನಲ್ಲಿ ನೀರಿನ ಮೂಲ ಹುಡುಕಿ ಹೊರಟೆವು. ಹಟ ಹಿಡಿದದ್ದು ನಾನೇ. ಉಳಿದವರು ಅಪ್ಪನ ಪ್ರಶ್ನೆ ಕೇಳಿ ಒಪ್ಪಿಕೊಂಡರು.

ಮೊದಲು ನೊರೂಜ್ ಅನ್ನುವ ಜಾಗ. ಸಮುದ್ರಮಟ್ಟದಿಂದ 189 ಮೀಟರ್ ಎತ್ತರ. ನೋಡಲು ದೊಡ್ಡ ಬೆಟ್ಟವೇನೂ ಅಲ್ಲ, ಸುಮ್ನೆ ಒಂದು ದಿಣ್ಣೆ. ಆದರೆ ಇಡೀ ಕಾಲುವೆಯ ನೆತ್ತಿ ಇದು. ಇಲ್ಲಿ ಬಿದ್ದ ಮಳೆಯಲ್ಲಿ ಒಂದು ಪಾಲು ಅಟ್ಲಾಂಟಿಕ್ ಕಡೆ, ಇನ್ನೊಂದು ಪಾಲು ಮೆಡಿಟರೇನಿಯನ್ ಕಡೆ ಇಳಿಯುತ್ತದೆ. ಕಾಲುವೆ ಒಂದು ಕಡೆಯಿಂದ ಹತ್ತಿ ಈ ನೆತ್ತಿ ದಾಟಿ ಇನ್ನೊಂದು ಕಡೆ ಇಳಿಯಬೇಕು. ಕಷ್ಟ ಇರುವುದೇ ಇಲ್ಲಿ. ಹತ್ತಲು ಇಳಿಯಲು ಕಾಲುವೆಯಲ್ಲಿ ಬಾಗಿಲಿರುವ ತೊಟ್ಟಿಗಳಿವೆ, ಅವಕ್ಕೆ ಲಾಕ್ ಅನ್ನುತ್ತಾರೆ. ದೋಣಿ ಒಂದೊಂದು ಸಲ ಲಾಕ್ ದಾಟಿದಾಗಲೂ ಒಂದು ತೊಟ್ಟಿ ನೀರು ಕೆಳಕ್ಕೆ ಹೋಗುತ್ತದೆ. ಎರಡೂ ಕಡೆಗೆ ಹೀಗೆ ಇಳಿಯುತ್ತಲೇ ಇರುತ್ತದೆ. ನೆತ್ತಿಯ ಮೇಲೆ ನೀರು ತುಂಬುತ್ತಲೇ ಇಲ್ಲದಿದ್ದರೆ ಕಾಲುವೆ ಒಣಗುತ್ತದೆ. ಎರಡು ಕಡಲನ್ನು ಸೇರಿಸುವ ಆಸೆ ಎಷ್ಟೋ ರಾಜರಿಗೆ ಇತ್ತು. ದಿಣ್ಣೆಯ ಮೇಲಕ್ಕೆ ನೀರು ತರುವುದು ಹೇಗೆ ಅನ್ನುವಲ್ಲಿ ಎಲ್ಲರೂ ಕೈಬಿಟ್ಟಿದ್ದರು.

ಬಿಡದೆ ಹಿಡಿದವನು ಪಿಯೆರ್ ಪಾಲ್ ರಿಕೆ. ಅವನು ಎಂಜಿನಿಯರ್ ಅಲ್ಲ. ಬೆಜಿಯೆ ಊರಿನವನು, ಉಪ್ಪಿನ ಸುಂಕ ವಸೂಲಿ ಮಾಡುವ ಗುತ್ತಿಗೆ ಹಿಡಿದಿದ್ದವನು. ಆ ಕೆಲಸಕ್ಕೆ ಊರೂರು ತಿರುಗಿ ನೆಲದ ಏರು ತಗ್ಗು ಬಲ್ಲವನು. ಉತ್ತರಕ್ಕಿರುವ ಕಪ್ಪು ಬೆಟ್ಟ, ಅಂದರೆ ಮೊಂತಾನ್ಯ ನ್ವಾರ್, ಮಳೆ ಬೀಳುವ ಕಾಡು. ಅಲ್ಲಿನ ಹಳ್ಳಗಳನ್ನೆಲ್ಲ ಅಡ್ಡ ಹಿಡಿದು, ಬೆಟ್ಟದ ಮೈಗುಂಟ ಸಣ್ಣ ತೋಡು ತೆಗೆದು, ದಾರಿಯಲ್ಲಿ ಒಂದು ಕೆರೆ ಕಟ್ಟಿ, ಅಲ್ಲಿಂದ ನೊರೂಜ್‌ಗೆ ನೀರು ತರಬಹುದು ಅಂತ ಅವನಿಗೆ ಹೊಳೆಯಿತು. ತೋಡಿಗೆ ಅಲ್ಲಿ ರಿಗೋಲ್ ಅನ್ನುತ್ತಾರೆ. ದೊಡ್ಡ ಕಾಲುವೆಗೆ ಅಪ್ಪಣೆ ಸಿಗುವ ಮೊದಲೇ ಅವನು ಪ್ರಯೋಗಕ್ಕೆಂದು ಒಂದು ತೋಡು ತೋಡಿಸಿ ನೀರು ನೊರೂಜ್‌ವರೆಗೆ ಬರುತ್ತದೆ ಅಂತ ತೋರಿಸಿದ. ಮಂತ್ರಿ ಕೊಲ್ಬೇರ್ ಒಪ್ಪಿದ್ದು ಆಮೇಲೆ.

ಆ ತೋಡು ಈಗಲೂ ಹರಿಯುತ್ತಿದೆ. ನಾನು ಏರಿ ಮೇಲೆ ಕುಕ್ಕರಗಾಲಲ್ಲಿ ಕೂತು ನೋಡಿದೆ. ಅಗಲ ನಮ್ಮ ಊರ ಉಪನಾಲೆಯಷ್ಟೇ. ಎರಡು ಕಡೆ ಮರ. ತಿಳಿ ನೀರು, ಸದ್ದಿಲ್ಲ, ಅವಸರವಿಲ್ಲ. ಒಂದು ಒಣಗಿದ ಎಲೆ ತೇಲಿಕೊಂಡು ಬಂದು, ನನ್ನ ಮುಂದೆ ಒಂದು ಸುತ್ತು ತಿರುಗಿ, ಮುಂದೆ ಹೋಯಿತು. ಇಷ್ಟು ಸಣ್ಣ ನೀರು 240 ಕಿಲೋಮೀಟರ್ ಕಾಲುವೆಯನ್ನು ಸಾಕುತ್ತಿದೆ ಅಂದರೆ ನಂಬುವುದು ಕಷ್ಟ. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ.

ಅಲ್ಲಿಂದ ಸಾಂ ಫೆರಿಯೋಲ್ ಕೆರೆಗೆ. ಕೆಲಸ ಶುರುವಾದದ್ದು 1667ರಲ್ಲಿ. ಸುಮಾರು 780 ಮೀಟರ್ ಉದ್ದದ ಏರಿ. ಮೂರು ಕಲ್ಲಿನ ಗೋಡೆ, ನಡುವೆ ತುಂಬಿದ ಮಣ್ಣು. ಮಣ್ಣು ಹೊತ್ತದ್ದು ಬಹುಪಾಲು ಹೆಂಗಸರು, ಬುಟ್ಟಿಗಳಲ್ಲಿ. ಇಡೀ ಕಾಲುವೆಯ ಕೆಲಸ ಜೋರಾಗಿದ್ದಾಗ 12,000 ಜನ ಇದ್ದರು ಅನ್ನುತ್ತಾರೆ. ಲೆಕ್ಕವನ್ನು 'ತಲೆ'ಗಳಲ್ಲಿ ಹಿಡಿಯುತ್ತಿದ್ದರಂತೆ. ಒಬ್ಬ ಗಂಡಸು ಅಂದರೆ ಒಂದು ತಲೆ. ಮೂವರು ಹೆಂಗಸರು ಅಂದರೆ ಎರಡು ತಲೆ. ಇದನ್ನು ಓದಿ ಡಾಕ್ಟರ್ ಗೆಳತಿ ಏರಿಯ ಇಳಿಜಾರನ್ನು ಬಹಳ ಹೊತ್ತು ನೋಡುತ್ತಾ ನಿಂತಳು. ಹಾಗಂತ ರಿಕೆ ಜಿಪುಣನಲ್ಲ. ಮಳೆ ಬಂದು ಕೆಲಸ ನಿಂತ ದಿನಕ್ಕೂ, ಭಾನುವಾರಕ್ಕೂ, ಹಬ್ಬಕ್ಕೂ ಕೂಲಿ ಕೊಡುತ್ತಿದ್ದ. ಆ ಕಾಲಕ್ಕೆ ಅದು ಕೇಳರಿಯದ ಮಾತು. ಪಿರೆನೀಸ್ ಬೆಟ್ಟಗಳಿಂದ ಬಂದ ಹೆಂಗಸರಿಗೆ ತಮ್ಮ ಊರಲ್ಲಿ ಬೆಟ್ಟದ ಒರತೆ ನೀರನ್ನು ತೋಡು ತೆಗೆದು ಮನೆ, ಹೊಲಕ್ಕೆ ತಂದುಕೊಂಡ ಅನುಭವ ಇತ್ತು, ಆ ತಿಳಿವಳಿಕೆಯೂ ಈ ಕಾಲುವೆಯಲ್ಲಿ ಸೇರಿದೆ ಅಂತ ಈಚೆಗೆ ಇತಿಹಾಸ ಬರೆಯುವವರು ಹೇಳುತ್ತಾರೆ. ನನಗೆ ಅದು ಸುಲಭವಾಗಿ ನಂಬಿಕೆಗೆ ಬರುತ್ತದೆ. ಗದ್ದೆಗೆ ನೀರು ಕಟ್ಟುವಾಗ ಒಂದು ಹಿಡಿ ಮಣ್ಣು ಎಲ್ಲಿ ಇಡಬೇಕು, ಎಲ್ಲಿ ತೆಗೆಯಬೇಕು ಅನ್ನುವುದರಲ್ಲಿ ನನ್ನ ಅಜ್ಜಿಯನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ರಾತ್ರಿ ಗೆಳತಿ ಇನ್ನೊಂದು ವಿಷಯ ಹೇಳಿದಳು. 1787ರ ಮೇ ತಿಂಗಳಲ್ಲಿ ಥಾಮಸ್ ಜೆಫರ್ಸನ್ ಈ ಕಾಲುವೆಯಲ್ಲಿ ಬಂದಿದ್ದನಂತೆ. ಅಮೆರಿಕದ ಅಧ್ಯಕ್ಷ ಆಗುವುದಕ್ಕೆ ಬಹಳ ಮೊದಲು. ಸಾರೋಟಿನ ಚಕ್ರ ಕಳಚಿಸಿ, ಅದನ್ನು ದೋಣಿ ಮೇಲೆ ಇಡಿಸಿ, ಅದರಲ್ಲಿ ಕೂತು ಬಂದ. ಬೇಸರ ಬಂದಾಗ ಇಳಿದು ದಡದಲ್ಲಿ ನಡೆಯುತ್ತಿದ್ದ. ಅವನೂ ಕಾಸ್ಟೆಲ್‌ನೊದರಿಯಲ್ಲಿ ದೋಣಿ ಬಿಟ್ಟು, ಸಾಂ ಫೆರಿಯೋಲ್‌ವರೆಗೆ ಹೋಗಿ ನೀರು ಎಲ್ಲಿಂದ ಬರುತ್ತದೆ ಅಂತ ನೋಡಿ ಬಂದಿದ್ದ. ಅಪ್ಪನಿಗೆ ಇದನ್ನೂ ಹೇಳಬೇಕು ಅಂದುಕೊಂಡೆ.

ಕಾಸ್ಟೆಲ್‌ನೊದರಿಯಲ್ಲಿ ದೋಣಿ ಹತ್ತಿದೆವು. 12 ಮೀಟರ್ ಉದ್ದ. ಮೂರು ಪುಟ್ಟ ಕೋಣೆ, ಒಂದು ಅಡುಗೆ ಕಟ್ಟೆ, ಮೇಲೆ ಕೂರಲು ಜಾಗ. ಇದನ್ನು ನಡೆಸಲು ಲೈಸೆನ್ಸ್ ಬೇಕಿಲ್ಲ. ಬಾಡಿಗೆ ಕೊಡುವವರು ಸ್ವಲ್ಪ ಹೊತ್ತು ಹೇಳಿಕೊಟ್ಟು, ಒಂದು ಚೀಟಿ ಬರೆದುಕೊಟ್ಟರೆ ಮುಗಿಯಿತು. ಗಂಟೆಗೆ 8 ಕಿಲೋಮೀಟರ್ ಮೀರಬಾರದು. ನಾವು 6ರ ಆಸುಪಾಸಿನಲ್ಲೇ ಹೋದೆವು. ಅದಕ್ಕಿಂತ ಜೋರಾಗಿ ಹೋದರೆ ಹಿಂದೆ ಏಳುವ ಅಲೆ ದಡದ ಮಣ್ಣು ಕೊರೆಯುತ್ತದೆ. ಈ ಕಾರಣ ಕೇಳಿದ ಮೇಲೆ ಮೇಷ್ಟ್ರು ಇಡೀ ವಾರ ಹಿಂದೆ ತಿರುಗಿ ಅಲೆ ನೋಡುವುದನ್ನು ಬಿಡಲಿಲ್ಲ.

ಊರು ಬಿಡುತ್ತಿದ್ದಂತೆ ಸಾಂ ರೊಕ್. ಒಂದರ ಕೆಳಗೊಂದು ನಾಲ್ಕು ಲಾಕ್. ಒಟ್ಟು 9 ಮೀಟರ್‌ಗೂ ಜಾಸ್ತಿ ಇಳಿಯಬೇಕು. ಲಾಕ್ ಅಂದರೆ ನೀರಿನ ಮೆಟ್ಟಿಲು. ತುಂಬಿದ ತೊಟ್ಟಿಯೊಳಗೆ ದೋಣಿ ಹೋಗುತ್ತದೆ, ಹಿಂದಿನ ಬಾಗಿಲು ಮುಚ್ಚುತ್ತದೆ, ಮುಂದಿನ ಬಾಗಿಲಿನ ಕಿಂಡಿ ತೆರೆದು ನೀರು ಬಿಡುತ್ತಾರೆ, ನೀರಿನ ಜೊತೆ ದೋಣಿಯೂ ಇಳಿಯುತ್ತದೆ, ಎರಡು ಕಡೆ ಮಟ್ಟ ಒಂದಾದಾಗ ಬಾಗಿಲು ತಾನಾಗಿ ಬಿಡಿಸಿಕೊಳ್ಳುತ್ತದೆ. ಅಷ್ಟೇ. ದಡದ ಗೂಟಕ್ಕೆ ಹಗ್ಗ ಸುತ್ತಿ ಕೈಯಲ್ಲಿ ಹಿಡಿದಿರಬೇಕು. ದೋಣಿ ಇಳಿದ ಹಾಗೆ ಹಗ್ಗ ಬಿಡುತ್ತಾ ಹೋಗಬೇಕು. ಎಂದಿಗೂ ಗಂಟು ಹಾಕಬಾರದು.

ಎರಡನೇ ತೊಟ್ಟಿಯಲ್ಲಿ ಹಾಸನದ ಗೆಳೆಯ ಗಂಟು ಹಾಕಿಬಿಟ್ಟ. ಬೇಕೆಂದು ಅಲ್ಲ. ಅಂಗಡಿಯಲ್ಲಿ ದಿನವಿಡೀ ಮೂಟೆ ಕಟ್ಟುವ ಕೈ, ತನ್ನಷ್ಟಕ್ಕೆ ಕಟ್ಟಿತು. ನೀರು ಇಳಿಯಿತು. ದೋಣಿಯ ಹಿಂಭಾಗ ಇಳಿಯಿತು. ಮುಂಭಾಗ ಹಗ್ಗಕ್ಕೆ ನೇತುಬಿತ್ತು. ಒಳಗೆ ತಟ್ಟೆಗಳು ಜಾರಿ ಬಿದ್ದ ಸದ್ದು. ಹಗ್ಗ ಬಿಗಿದು ಕಿರ್ ಅನ್ನತೊಡಗಿತು. ಬಿಚ್ಚೋಣ ಅಂದರೆ ಅಷ್ಟು ಭಾರ ಬಿದ್ದ ಗಂಟು ಬಿಚ್ಚಲು ಬರುವುದೇ ಇಲ್ಲ. ಮೇಲೆ ನಿಂತಿದ್ದ ಲಾಕ್ ನೋಡಿಕೊಳ್ಳುವ ಹೆಂಗಸು ಒಂದು ಮಾತು ಕೂಗಿದಳು, ಗುಂಡಿ ಒತ್ತಿದಳು. ಕಿಂಡಿ ಮುಚ್ಚಿತು. ಹಿಂದಿನ ಕಿಂಡಿ ಮೆಲ್ಲಗೆ ತೆರೆದು ನೀರು ಬಿಟ್ಟಳು. ದೋಣಿ ಮಟ್ಟಸವಾಗಿ ಮೇಲೆ ಬಂತು. ಹಗ್ಗ ಸಡಿಲಾಯಿತು. ಅವಳು ಬಂದು ಗೆಳೆಯನ ಕೈಯಿಂದ ಹಗ್ಗ ತೆಗೆದುಕೊಂಡು, ಗೂಟಕ್ಕೆ ಒಂದು ಸುತ್ತು ಹಾಕಿ, ತುದಿಯನ್ನು ಅವನ ಅಂಗೈಯಲ್ಲಿ ಇಟ್ಟು, ಬೆರಳು ಮಡಚಿದಳು. ಬಯ್ಯಲಿಲ್ಲ. ಅವನ ಕೈ ನಡುಗುತ್ತಿತ್ತು. ಅವಳು ಅದು ನಿಲ್ಲುವವರೆಗೆ ಕಾದು, ಆಮೇಲೆ ಮತ್ತೆ ಕಿಂಡಿ ತೆರೆದಳು.

ಲಾಕ್ ನೋಡಿಕೊಳ್ಳುವವರಿಗೆ ಫ್ರೆಂಚಿನಲ್ಲಿ ಒಂದು ಹೆಸರಿದೆ, ಎಕ್ಲ್ಯೂಸಿಯೆ. ಕನ್ನಡದಲ್ಲಿ ಏನನ್ನಬಹುದು ಅಂತ ಟುಲೂಸ್ ಗೆಳತಿ ಕೇಳಿದಳು. ಯೋಚಿಸಬೇಕಾಗಿಯೇ ಇರಲಿಲ್ಲ. ನೀರುಗಂಟಿ ಅಂದೆ. ಅಲ್ಲಿಂದ ಮುಂದೆ ನಮ್ಮ ದೋಣಿಯಲ್ಲಿ ಎಲ್ಲರೂ ಹಾಗೇ ಅನ್ನುತ್ತಿದ್ದರು. "ನೀರುಗಂಟಿ ಊಟಕ್ಕೆ ಹೋಗಿದ್ದಾರೆ, ಒಂದು ಗಂಟೆ ಕಾಯಬೇಕು." ಮಧ್ಯಾಹ್ನ ಲಾಕ್‌ಗಳು ನಿಜಕ್ಕೂ ಮುಚ್ಚುತ್ತವೆ. ಯಾರೂ ಗೊಣಗುವುದಿಲ್ಲ. ದೋಣಿಗಳು ಸಾಲಾಗಿ ನಿಲ್ಲುತ್ತವೆ, ಜನ ಬ್ರೆಡ್ಡು, ಚೀಸ್, ಟೊಮೇಟೊ ತೆಗೆಯುತ್ತಾರೆ. ನಾವು ಡಾಕ್ಟರ್ ತಂದಿದ್ದ ಚಟ್ನಿಪುಡಿ ತೆಗೆಯುತ್ತಿದ್ದೆವು. ಆ ಬ್ರೆಡ್ಡಿಗೂ ಕೊಬ್ಬರಿ ಚಟ್ನಿಪುಡಿಗೂ ಬಹಳ ಒಪ್ಪುತ್ತದೆ.

ಈ ಲಾಕ್‌ಗಳ ಗೋಡೆ ನೆಟ್ಟಗಿಲ್ಲ. ಮೇಲಿನಿಂದ ನೋಡಿದರೆ ಮೊಟ್ಟೆಯ ಆಕಾರ. ನಡುವೆ ಸುಮಾರು 11 ಮೀಟರ್ ಅಗಲ, ಬಾಗಿಲ ಹತ್ತಿರ ಅದರ ಅರ್ಧದಷ್ಟು. ಮೊದಲು ನೇರ ಗೋಡೆ ಕಟ್ಟಿದ್ದರಂತೆ, ಹಿಂದಿನ ಮಣ್ಣಿನ ಒತ್ತಡಕ್ಕೆ ಅದು ಕುಸಿಯಿತು. ಆಮೇಲೆ ರಿಕೆ ಗೋಡೆಯನ್ನು ಬಾಗಿಸಿದ. ನಮ್ಮ ತೋಟದ ಬಾವಿ ದುಂಡಗೆ ಇರುವುದೂ ಇದೇ ಕಾರಣಕ್ಕೆ ಅಲ್ವಾ? ಬಾಗಿದ ಗೋಡೆಯಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿ ಹಿಡಿಯುತ್ತವೆ, ಮಣ್ಣು ಒಳಕ್ಕೆ ನೂಕಿದಷ್ಟೂ ಬಿಗಿಯಾಗುತ್ತವೆ. ಇಳಿಯುವಾಗ ದೋಣಿಯ ಪಕ್ಕದಲ್ಲೇ ಆ ಕಲ್ಲುಗಳು ಒದ್ದೆಯಾಗಿ ಮೇಲೇಳುತ್ತಾ ಬರುತ್ತವೆ. ಹಾವಸೆ, ಸಂದಿಯಲ್ಲಿ ಪುಟ್ಟ ಜರೀಗಿಡ, ಒಂದೊಂದು ಕಲ್ಲಿನ ಮೇಲೆ ಉಳಿಯ ಏಟು. ಮೇಷ್ಟ್ರು ಕೈ ಚಾಚಿ ಅವನ್ನು ಮುಟ್ಟುತ್ತಿದ್ದರು. (ಅವನನ್ನು ನಾವು ಪಿಯುಸಿಯಿಂದಲೂ ಮೇಷ್ಟ್ರು ಅಂತಲೇ ಕರೆಯುವುದು. ಈಗಂತೂ ಬಹುವಚನ ತಾನಾಗಿ ಬರುತ್ತದೆ.)

ಪ್ರತಿ ಲಾಕ್‌ಗೂ ಪಕ್ಕದಲ್ಲಿ ಒಂದು ಮನೆ. ಗೋಡೆಯ ಮೇಲೆ ಒಂದು ಫಲಕ. ಅದರಲ್ಲಿ ಆ ಲಾಕ್‌ನ ಹೆಸರು, ಹಿಂದಿನ ಲಾಕ್ ಎಷ್ಟು ದೂರ, ಮುಂದಿನದು ಎಷ್ಟು ದೂರ, ಮೀಟರ್ ಲೆಕ್ಕದಲ್ಲಿ. ಕೆಲವು ಮನೆಗಳಲ್ಲಿ ಈಗ ಯಾರೂ ಇಲ್ಲ. ಕೆಲವು ಕಡೆ ಹೂಕುಂಡ, ಕೋಳಿ, ತರಕಾರಿ ಮಡಿ. ಎಗ್ವೀಯ್ ಅನ್ನುವ ಲಾಕ್‌ನ ಸುತ್ತ ಗುಜರಿ ಕಬ್ಬಿಣ, ಹಳೆಯ ಮರದಲ್ಲಿ ಮಾಡಿದ ಗೊಂಬೆಗಳ ಗುಂಪೇ ಇದೆ. ಅಲ್ಲಿನ ನೀರುಗಂಟಿಯೇ ಮಾಡಿದ್ದು. ದೋಣಿ ಬರುವವರೆಗೆ ಕಾಯುವ ಹೊತ್ತಿನಲ್ಲಿ ಹುಟ್ಟಿದ ಗೊಂಬೆಗಳು. ನಾವು ನೀರು ಇಳಿಯುವುದನ್ನು ಮರೆತು ಅವನ್ನೇ ನೋಡುತ್ತಿದ್ದೆವು.

ಕಾರ್ಕಸೋನ್ ಕೋಟೆಯ ಬಗ್ಗೆ ನಾನು ಬರೆಯುವುದಿಲ್ಲ, ಬರೆದವರು ಬೇಕಾದಷ್ಟು ಜನ ಇದ್ದಾರೆ. ಒಂದು ಮಾತು ಮಾತ್ರ. ಕಾಲುವೆ ತೋಡುವಾಗ ಈ ಊರು ದುಡ್ಡು ಕೊಡಲು ಒಪ್ಪಲಿಲ್ಲ. ರಿಕೆ ಕಾಲುವೆಯನ್ನು ಊರಾಚೆಯೇ ಕೊಂಡೊಯ್ದ. ಆಮೇಲೆ ಊರಿನವರು ವ್ಯಾಪಾರ ಕೈಬಿಟ್ಟು ಹೋಯಿತಲ್ಲ ಅಂತ ಮರುಗಿ, ಕಾಲುವೆಯನ್ನು ಊರಿನ ಕಡೆಗೆ ತಿರುಗಿಸಿಕೊಳ್ಳುವ ಹೊತ್ತಿಗೆ 1810 ಆಗಿತ್ತು.

ಕಾರ್ಕಸೋನ್ ದಾಟಿದ ಮೇಲೆ ಬಂದದ್ದನ್ನು ಬರೆಯುವುದು ಕಷ್ಟ. ಈ ಕಾಲುವೆಯ ಚಿತ್ರ ನೋಡಿದವರಿಗೆಲ್ಲ ನೆನಪಿರುವುದು ಎರಡೂ ದಡದ ಪ್ಲೇನ್ ಮರಗಳ ಸಾಲು. 42,000 ಮರಗಳು. ಹೆಚ್ಚಿನವು 19ನೇ ಶತಮಾನದಲ್ಲಿ ನೆಟ್ಟವು. ಬೇರು ದಡದ ಮಣ್ಣು ಹಿಡಿಯುತ್ತದೆ, ನೆರಳು ನೀರು ಆರದ ಹಾಗೆ ನೋಡಿಕೊಳ್ಳುತ್ತದೆ. 2006ರಲ್ಲಿ ವಿಲ್‌ದ್ಯುಬೇರ್ ಹತ್ತಿರ ಈ ಮರಗಳಲ್ಲಿ ಒಂದು ಶಿಲೀಂಧ್ರದ ರೋಗ ಕಾಣಿಸಿತು. ಎರಡನೇ ಮಹಾಯುದ್ಧದ ಕೊನೆಯಲ್ಲಿ ಅಮೆರಿಕದ ಸೈನ್ಯ ತಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳ ಜೊತೆ ಫ್ರಾನ್ಸಿಗೆ ಬಂದ ರೋಗ ಅನ್ನುತ್ತಾರೆ. ಔಷಧಿ ಇಲ್ಲ. ಬೇರಿನಿಂದ ಬೇರಿಗೆ ಹಬ್ಬುತ್ತದೆ, ನೀರಿನಲ್ಲಿ ತೇಲಿ ಹೋಗುತ್ತದೆ, ದೋಣಿ ತಾಗಿ ಬೇರು ಗಾಯವಾದರೆ ಅಲ್ಲಿಂದ ಒಳಗೆ ಸೇರುತ್ತದೆ. ರೋಗ ಬಂದ ಮರವನ್ನೂ ಪಕ್ಕದ ಮರಗಳನ್ನೂ ಕಡಿದು ಸುಡುವುದೊಂದೇ ದಾರಿ. ಈಗಾಗಲೇ ಅರ್ಧಕ್ಕಿಂತ ಹೆಚ್ಚು ಹೋಗಿವೆ.

ವಿಲ್‌ದ್ಯುಬೇರ್‌ನಿಂದ ಟ್ರೆಬ್‌ವರೆಗೆ, ಆಮೇಲೂ ಬಹಳ ದೂರ, ಬಿಸಿಲು ನೇರ ತಲೆಯ ಮೇಲೆ ಬಿತ್ತು. ಸೆರ್ ಅನ್ನುವ ಪಡುವಣ ಗಾಳಿ ತಡೆಯೇ ಇಲ್ಲದೆ ಬೀಸಿ ನಮ್ಮ ದೋಣಿಯನ್ನು ಅಡ್ಡಕ್ಕೆ ನೂಕುತ್ತಿತ್ತು. ಮರ ಇದ್ದಾಗ ಇಲ್ಲಿ ಗಾಳಿ ಈ ಥರ ಇರಲಿಲ್ಲ ಅಂತ ಟುಲೂಸ್ ಗೆಳತಿ ಹೇಳಿದಳು. ಅವಳು ಆ ಊರಿಗೆ ಹೋದ ಹೊಸತರಲ್ಲಿ, ಒಬ್ಬಳೇ ಇದ್ದಾಗ, ಭಾನುವಾರಗಳಲ್ಲಿ ಆ ಮರಗಳ ಕೆಳಗೆ ಸೈಕಲ್ ತುಳಿಯುತ್ತಿದ್ದಳಂತೆ. ಅಷ್ಟು ಹೇಳಿ ಸುಮ್ಮನಾದಳು. ನನಗೆ ಬೆಂಗಳೂರು ಮೈಸೂರು ರಸ್ತೆಯ ಮರಗಳು ನೆನಪಾದವು. ಬಸ್ಸಿನ ಕಿಟಕಿಯಲ್ಲಿ ಬಿಸಿಲು ನೆರಳು, ಬಿಸಿಲು ನೆರಳು ಅಂತ ಓಡುತ್ತಿದ್ದ ರಸ್ತೆ ಅದು. ಅಲ್ಲಿ ಮರಗಳಿಗೆ ರೋಗ ಬಂದಿರಲಿಲ್ಲ.

ಇಲ್ಲಿ ಹೊಸ ಸಸಿ ನೆಡುತ್ತಿದ್ದಾರೆ. ಈ ಸಲ ಒಂದೇ ಜಾತಿ ಅಲ್ಲ, ಓಕ್ ಜಾತಿಯ ಜೊತೆ ಬೇರೆ ಬೇರೆ ಮರಗಳು. ಒಂದೊಂದು ಸಸಿಗೂ ಆಸರೆ ಕೋಲು, ಬುಡದಲ್ಲಿ ಪಾತಿ. ಸೊಂಟದೆತ್ತರದಿಂದ ಆಳೆತ್ತರದವರೆಗೆ ಸಾಲಾಗಿ ನಿಂತಿವೆ. ಇವು ನೆರಳು ಕೊಡುವ ಹೊತ್ತಿಗೆ ನೆಟ್ಟವರು ಇರುವುದಿಲ್ಲ. ರಿಕೆಯೂ ಇರಲಿಲ್ಲ. 1680ರ ಅಕ್ಟೋಬರ್‌ನಲ್ಲಿ, ಕಾಲುವೆ ಮುಗಿಯಲು ಏಳೆಂಟು ತಿಂಗಳು ಇರುವಾಗ ತೀರಿಕೊಂಡ. ಸ್ವಂತ ಆಸ್ತಿಯನ್ನೂ ಹಾಕಿದ್ದ, ಸಾಲವನ್ನೂ ಮಾಡಿದ್ದ. ಅದನ್ನು ಹೊತ್ತವರು ಮಕ್ಕಳು.

ರಾತ್ರಿ ದೋಣಿಯನ್ನು ಮರಕ್ಕೆ ಕಟ್ಟುವ ಹಾಗಿಲ್ಲ. ದಡದಲ್ಲಿ ಕಬ್ಬಿಣದ ಗೂಟ ಹೊಡೆದು ಕಟ್ಟಬೇಕು. ಹಸು ಕಟ್ಟೋ ಗೂಟದ ಹಾಗೇ. ಆ ಕೆಲಸ ನನ್ನದು. ಸುತ್ತಿಗೆಯ ಸದ್ದು ನಿಂತ ಮೇಲೆ ಬೇರೆ ಸದ್ದೇ ಇರುತ್ತಿರಲಿಲ್ಲ. ಏಳು ಗಂಟೆ ಹೊತ್ತಿಗೆ ಲಾಕ್‌ಗಳೆಲ್ಲ ಮುಚ್ಚುತ್ತವೆ, ಯಾವ ದೋಣಿಯೂ ಓಡುವುದಿಲ್ಲ. ನೀರು ಹಾಗೇ ನಿಂತಿರುತ್ತದೆ.

ನಾನು ಅಪ್ಪನಿಗೆ ವಿವರಿಸಲು ಹೆಣಗಿದ್ದು ಈ ನಿಂತ ನೀರನ್ನೇ. ನಮ್ಮ ನಾಲೆ ಇರುವುದು ನೀರು ಹೋಗಲಿಕ್ಕೆ. ಹೋದರೆ ತಾನೇ ಗದ್ದೆ ಸೇರುವುದು. ಈ ಕಾಲುವೆ ಇರುವುದು ನೀರು ನಿಲ್ಲಲಿಕ್ಕೆ. ಒಂದು ಲಾಕ್‌ನಿಂದ ಇನ್ನೊಂದರವರೆಗೆ ಮಟ್ಟಸವಾಗಿ ನಿಲ್ಲಬೇಕು, ದೋಣಿ ಎರಡೂ ಕಡೆಗೆ ಹೋಗಬೇಕು. ಹಾಗೆ ನಿಲ್ಲಿಸಲು ಬೆಟ್ಟದಲ್ಲಿ ಒಬ್ಬರು, ನೊರೂಜ್‌ನಲ್ಲಿ ಒಬ್ಬರು, ಪ್ರತಿ ಬಾಗಿಲಲ್ಲಿ ಒಬ್ಬರು ದಿನವೂ ಕಣ್ಣಿಟ್ಟಿರಬೇಕು. ಹೂಳು ತೆಗೆಯಬೇಕು. 1686ರಲ್ಲಿ ವೋಬಾಂ ಅನ್ನುವ ರಾಜನ ಎಂಜಿನಿಯರ್ ಬಂದು ನೋಡಿದಾಗ ಹಳ್ಳಗಳು ನೇರ ಕಾಲುವೆಗೆ ಬಿದ್ದು ಹೂಳು ತುಂಬಿಸುತ್ತಿದ್ದವು. ಅವನು ಹಳ್ಳಗಳು ಕಾಲುವೆಯ ಅಡಿಯಲ್ಲಿ ಹಾದುಹೋಗುವ ಹಾಗೆ ಹತ್ತಾರು ಕಡೆ ಕಮಾನು ಕಟ್ಟಿಸಿದ. ಮೇಲೆ ದೋಣಿ, ಕೆಳಗೆ ಹಳ್ಳ. "ನಮ್ಮಲ್ಲೂ ಮೇಲ್ಗಾಲುವೆ ಇದೆಯಲ್ಲ" ಅಂದರು ಅಪ್ಪ. ಇದೆ.

ಆರ್ಜಾನ್ ಲಾಕ್ ದಾಟಿದ ಮೇಲೆ 54 ಕಿಲೋಮೀಟರ್ ಒಂದೂ ಲಾಕ್ ಇಲ್ಲ. ಬೆಜಿಯೆ ಹತ್ತಿರದ ಫೋನ್ಸೆರಾನ್ ಮೆಟ್ಟಿಲುಗಳವರೆಗೆ ಒಂದೇ ಮಟ್ಟ. ನಾವು ಅಷ್ಟು ದೂರ ಹೋಗಲಿಲ್ಲ, ಲ ಸೊಮಾಯ್‌ಗೆ ನಮ್ಮ ವಾರ ಮುಗಿಯುತ್ತಿತ್ತು. ಈ ಭಾಗದಲ್ಲಿ ಕಾಲುವೆ ನೇರ ಹೋಗುವುದೇ ಇಲ್ಲ. ಗುಡ್ಡದ ಪಕ್ಕೆಗೆ ಅಂಟಿಕೊಂಡು ಬಳುಕುತ್ತಾ ಹೋಗುತ್ತದೆ. ಮೇಲೆ ದ್ರಾಕ್ಷಿ ತೋಟ, ಕೆಳಗೆ ದ್ರಾಕ್ಷಿ ತೋಟ. ಕೊಯ್ಲಿನ ಸಮಯ, ಟ್ರಾಕ್ಟರುಗಳು ಸೇತುವೆಗಳ ಮೇಲೆ ಹಣ್ಣು ಹೇರಿಕೊಂಡು ಓಡುತ್ತಿದ್ದವು. ಮೇಷ್ಟ್ರಿಗೆ ಮಾತ್ರ ಮಟ್ಟದ್ದೇ ಧ್ಯಾನ. "17ನೇ ಶತಮಾನದಲ್ಲಿ, ಕಣ್ಣಳತೆಗೆ ನೀರುಮಟ್ಟ ಹಿಡಿದುಕೊಂಡು, 54 ಕಿಲೋಮೀಟರ್ ಒಂದೇ ಎತ್ತರ ಕಾಯ್ದುಕೊಂಡು ಹೋಗಿದ್ದಾರೆ. ನನ್ನ ಮಕ್ಕಳಿಗೆ ಇದನ್ನು ಪಾಠ ಮಾಡಬೇಕು" ಅಂದರು. ಪರಾಜಾ ಊರಿನ ಆಚೆ ರೆಪ್ಯುದ್ರ್ ಹೊಳೆಯ ಮೇಲೆ ಕಾಲುವೆ ಕಲ್ಲಿನ ಸೇತುವೆಯಲ್ಲಿ ದಾಟುತ್ತದೆ, ರಿಕೆಯೇ 1676ರಲ್ಲಿ ಕಟ್ಟಿಸಿದ್ದು. ಬಗ್ಗಿ ನೋಡಿದರೆ ಬಹಳ ಕೆಳಗೆ ಬೇಸಿಗೆಯ ಸಣ್ಣ ಹೊಳೆ. ಕೆಲವು ನಿಮಿಷ ಯಾರೂ ಮಾತಾಡಲಿಲ್ಲ.

ಲಾಕ್ ಇಲ್ಲ ಅಂದರೆ ಕೈಗೆ ಕೆಲಸವೂ ಇಲ್ಲ. ಒಬ್ಬರು ಚುಕ್ಕಾಣಿ ಹಿಡಿದರೆ ಉಳಿದವರು ಸುಮ್ನೆ ಕೂರಬೇಕು. ಆ ದಿನ ಸಂಜೆ ಹಾಸನದ ಗೆಳೆಯ, ಯಾರೂ ಕೇಳದೆ, ಊರಿನ ಜಮೀನು ಮಾರುವ ವಿಷಯ ತೆಗೆದ. ಅಪ್ಪ ಹೋದ ಮೇಲೆ ನೋಡಿಕೊಳ್ಳುವವರಿಲ್ಲ. ಮಗ ಬೆಂಗಳೂರು ಬಿಟ್ಟು ಬರುವುದಿಲ್ಲ. ನಾಲ್ಕು ಎಕರೆ, ಒಂದು ಬಾವಿ. ಕೊಳ್ಳುವವರು ಸೈಟ್ ಮಾಡುತ್ತಾರೆ. ಎರಡು ವರ್ಷದಿಂದ ತಲೆಯಲ್ಲಿ ಇಟ್ಟುಕೊಂಡಿದ್ದನಂತೆ, ನಮಗ್ಯಾರಿಗೂ ಹೇಳಿರಲಿಲ್ಲ. ಫೋನಿನಲ್ಲಿ ಹೇಳುವ ಮಾತಲ್ಲ ಅದು. ಮಾರಬೇಡ ಅಂತ ನಾವು ಹೇಳಲಿಲ್ಲ. ಮಾರು ಅಂತಲೂ ಹೇಳಲಿಲ್ಲ. ಯಾವ ಬೆಳೆ ಇತ್ತು, ಬಾವಿಯಲ್ಲಿ ಬೇಸಿಗೆಗೆ ನೀರು ಎಷ್ಟಿರುತ್ತಿತ್ತು ಅಂತ ಕೇಳುತ್ತಾ ಹೋದೆವು. ಅವನು ಹೇಳುತ್ತಾ ಹೋದ. ಮಾವಿನ ಮರ, ಅದರ ಪಕ್ಕದ ಬದು, ಅಪ್ಪ ಕೂರುತ್ತಿದ್ದ ಕಲ್ಲು. ಗಂಟೆಗೆ 6 ಕಿಲೋಮೀಟರ್ ವೇಗದಲ್ಲಿ ಇಡೀ ನಾಲ್ಕು ಎಕರೆಯನ್ನೂ ಸುತ್ತಿದೆವು.

ಲ ಸೊಮಾಯ್ ಪುಟ್ಟ ಊರು. ಒಂದು ಹಳೆಯ ಕಮಾನು ಸೇತುವೆ, ಅದಕ್ಕೆ ಅಂಟಿದ ಹಾಗೆ ಚಿಕ್ಕ ಪ್ರಾರ್ಥನಾ ಮಂದಿರ, ದಡದಲ್ಲಿ ಒಂದು ಹಳೇ ಪುಸ್ತಕದ ಅಂಗಡಿ. ಕುದುರೆಗಳು ದೋಣಿ ಎಳೆಯುತ್ತಿದ್ದ ಕಾಲದಲ್ಲಿ ಟುಲೂಸ್‌ನಿಂದ ಬರುವ ಅಂಚೆ ದೋಣಿಯ ಪ್ರಯಾಣಿಕರು ರಾತ್ರಿ ತಂಗುತ್ತಿದ್ದ ಊರು ಇದು. 1857ರಲ್ಲಿ ರೈಲು ಬಂತು, ಜನ ಅದಕ್ಕೆ ಹೋದರು. ಸರಕಿನ ದೋಣಿಗಳು ಆಮೇಲೂ ಬಹಳ ಕಾಲ ಓಡಿ, 1980ರ ದಶಕ ಮುಗಿಯುವ ಹೊತ್ತಿಗೆ ಅವೂ ನಿಂತವು. 1996ರಲ್ಲಿ ಯುನೆಸ್ಕೋ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಈಗ ನಮ್ಮಂಥವರ ದೋಣಿಗಳು.

ಕೊನೆಯ ಬೆಳಿಗ್ಗೆ ಎಲ್ಲರೂ ಮಲಗಿದ್ದಾಗ ಅಪ್ಪನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಮಧ್ಯಾಹ್ನ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟಿದ್ದಾರೆ, ನಮ್ಮ ಸರದಿ ನಾಳೆ ಅಂದರು. ನಾನು ಕಪ್ಪು ಬೆಟ್ಟದಿಂದ ಶುರು ಮಾಡಿ ತೋಡು, ಕೆರೆ, ನೊರೂಜ್, ಲಾಕ್, ಎಲ್ಲ ಹೇಳಿದೆ. ಅಪ್ಪ ಹ್ಞೂಂ ಹ್ಞೂಂ ಅಂತ ಕೇಳಿದರು. ಆಮೇಲೆ, "ದೋಣಿಗೆ ಸರಿ. ಆ ನೀರು ಹೊಲಕ್ಕೂ ಬಿಡ್ತಾರಾ?" ಅಂದರು.

ಬಿಡುತ್ತಾರೆ. ಅದನ್ನು ನಾನು ಹಿಂದಿನ ಸಂಜೆಯಷ್ಟೇ ನೋಡಿದ್ದೆ. ಊರ ಆಚೆ ದಡದಲ್ಲಿ ಒಂದು ತರಕಾರಿ ತೋಟ. ಕಾಲುವೆಯೊಳಗೆ ಒಂದು ಕಪ್ಪು ಪೈಪು ಇಳಿಬಿಟ್ಟಿದ್ದರು, ತುದಿಗೆ ಜಾಲರಿ. ದಡದ ಮೇಲೆ ತಗಡಿನ ಮರೆಯಲ್ಲಿ ಒಂದು ಮೋಟರ್. ಆಚೆ ಟೊಮೇಟೊ, ಬದನೆ, ಕುಂಬಳದ ಬಳ್ಳಿ. ಫೋಟೋ ಇತ್ತು, ಕಳಿಸಿದೆ.

ಎರಡು ನಿಮಿಷಕ್ಕೆ ಅಪ್ಪನ ಫೋನ್ ಬಂತು. "ಪೈಪು ಎರಡೂವರೆ ಇಂಚು ಇದ್ದ ಹಾಗಿದೆ. ಮೋಟರ್ ಎಷ್ಟು ಎಚ್‌ಪಿ?"

ಫೋಟೋದಲ್ಲಿ ಕಾಣುತ್ತಿರಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ದೋಣಿಯಿಂದ ಇಳಿದೆ. ಏರಿ ಮೇಲೆ ಇಬ್ಬನಿ ಬಿದ್ದು ಹುಲ್ಲು ಒದ್ದೆಯಾಗಿತ್ತು. ಫೋನ್ ಕಿವಿಗೆ ಹಿಡಿದುಕೊಂಡೇ ತೋಟದ ಕಡೆ ನಡೆದೆ. ಆ ಕಡೆಯಿಂದ ನಮ್ಮ ನಾಲೆಯ ತೂಬಿನ ನೀರಿನ ಸದ್ದು ಕೇಳುತ್ತಿತ್ತು.